ಆಟೋಮ್ಯಾಟಿಕ್ ಗಾಡಿಯ ಆಕ್ಸಲ್

ಮಧ್ಯಾಹ್ನ ಮೂರು ಗಂಟೆಗೆ ಪುಣೆಯ ಹತ್ತಿರದ ದಿವೇ ಘಾಟಿನ ಏರಿನಲ್ಲಿ ನಮ್ಮ ಹಳೆಯ ಕಾರು ನಿಂತುಹೋಯಿತು. ಕ್ಲಚ್ ಸುಟ್ಟ ವಾಸನೆ ಎಲ್ಲೇ ಬಂದರೂ ಇಂದಿಗೂ ನನ್ನ ಕೈ ಸೀಟಿನ ಅಂಚನ್ನು ಹಿಡಿದುಕೊಳ್ಳುತ್ತದೆ.

ಕಾಕಾ ನಡೆಸುತ್ತಿದ್ದ. ಹಿಂದಿನ ಸೀಟಿನಲ್ಲಿ ನಾನು, ಅವ್ವ, ಅವಳ ತೊಡೆಯ ಮೇಲೆ ಹಸುಗೂಸು ತಮ್ಮ. ಕಾಕಾ ಮತ್ತೆ ಕ್ಲಚ್ ಬಿಟ್ಟ. ಎಂಜಿನ್ ನಡುಗಿ ನಿಂತಿತು, ಗಾಡಿ ಹಿಂದಕ್ಕೆ ಜಾರಿತು. ಗಾಬರಿಯಲ್ಲಿ ಅವನ ಕಾಲು ಬ್ರೇಕ್ ಹುಡುಕುವಷ್ಟರಲ್ಲಿ ಹಿಂದಿನ ಗಾಜಿನ ತುಂಬ ಬಸ್ಸೊಂದರ ಮುಖ ಕಾಣಿಸಿತು. ಗಾಡಿ ನಿಂತಾಗ ನಡುವೆ ಒಬ್ಬ ಮನುಷ್ಯ ನಿಲ್ಲುವಷ್ಟೂ ಜಾಗವಿರಲಿಲ್ಲ.

ಸಂಜೆ ಗಾಡಿಯನ್ನು ಎಳೆಸಿ ಮನೆಗೆ ತಂದ ಮೇಲೆ, ಚಾಕಣದ ಗೇರ್ ಕಾರ್ಖಾನೆಯ ಕೆಲಸ ಮುಗಿಸಿ ಬಂದ ಅಪ್ಪ ಕಾಕಾನನ್ನು ಕೇಳಿದ: "ನೀ ಹೋದ ವಾರ ಹಾಕಿದ ಆಕ್ಸಲ್ ಯಾವ ಗಾಡೀದೋ?"

"ಇದೇ ಮಾಡೆಲ್ ಅಣ್ಣಾ, ಆಟೋಮ್ಯಾಟಿಕ್. ಬೋಲ್ಟ್ ಎಲ್ಲಾ ಸರಿ ಕೂತುವು."

"ಬೋಲ್ಟ್ ಕೂತ್ರ ಆತೇನು? ಆಟೋಮ್ಯಾಟಿಕ್‌ನ್ಯಾಗ ಎಣ್ಣಿ ತುಂಬಿದ ಕನ್ವರ್ಟರ್ ಇರ್ತದ. ಗಾಡಿ ಹೊರಡೂ ಮುಂದ ಅದೇ ಎಂಜಿನ್ನಿನ ಬಲಾ ಹೆಚ್ಚಸ್ತದ. ಅದಕ್ಕ ಆಕ್ಸಲ್ ಒಳಗಿನ ಗೇರಿಗೆ ಕಡಿಮಿ ರೇಶೋ ಸಾಕು, ಗಾಲಿಯ ಒಂದು ಸುತ್ತಿಗೆ ಎಂಜಿನ್ ಕಡಿಮಿ ಸುತ್ತಿದ್ರೂ ನಡೀತದ. ಕ್ಲಚ್ ಇರೋ ನಮ್ಮ ಗಾಡಿಗೆ ಆ ಆಸರಾ ಇಲ್ಲ. ಗಾಲಿಯ ಒಂದು ಸುತ್ತಿಗೆ ಎಂಜಿನ್ ಇನ್ನಷ್ಟು ಸುತ್ತಬೇಕು, ಆವಾಗ ಏರು ಹತ್ತತದ."

ಅಂದಿನಿಂದ ಕಾಕಾ ತಮ್ಮನನ್ನು ಎತ್ತಿಕೊಳ್ಳುವುದನ್ನು ಬಿಟ್ಟ. ರಾತ್ರಿಯೆಲ್ಲ ಹೊರಳಾಡುತ್ತಿದ್ದ. ಪಕ್ಕದಲ್ಲಿ ಮಲಗಿದ ನಾನೂ ಕನಸಿನಲ್ಲಿ ಆ ಬಸ್ಸನ್ನು ಕಂಡು ಬೆಚ್ಚಿ ಏಳುತ್ತಿದ್ದೆ.

ಸರಿಯಾದ ಆಕ್ಸಲ್ ಹಾಕಿಸಿದ ಭಾನುವಾರ ಕಾಕಾ ಗಾಡಿಯ ಕೀಲಿಯನ್ನು ಅಪ್ಪನ ಮುಂದಿಟ್ಟ. ಅವ್ವ ಅದನ್ನೆತ್ತಿ ಅವನ ಕೈಗೇ ಕೊಟ್ಟಳು.

"ನಡಿಯಪ್ಪಾ ಗಿರೀಶಾ, ಅದೇ ಘಾಟು ಹತ್ತಸು. ಕೂಸಿನ್ನ ಕರಕೊಂಡ ಕೂಡ್ತೀನಿ."

ಘಾಟಿನ ನೆತ್ತಿಯಲ್ಲಿ ಕಾಕಾ ಗಾಡಿ ನಿಲ್ಲಿಸಿ, ಕೈ ಒರೆಸಿಕೊಂಡು ಅವ್ವನಿಂದ ತಮ್ಮನನ್ನು ಕೇಳಿ ಎತ್ತಿಕೊಂಡ. ಆ ರಾತ್ರಿ ಅವನು ಗೊರಕೆ ಹೊಡೆದ. ನಾನೂ ಬೆಳಗಾಗುವ ತನಕ ಎಚ್ಚರಾಗಲಿಲ್ಲ.