ಮನೆಗೆ ಹೋಗು

"ಎರಿ, ಇನ್ನು ನೀನು ಮನೆಗೆ ಹೋಗಮ್ಮ," ಎಂದಳು ಅತ್ತೆ ಕಿನುಯೊ.

ಪಾತ್ರೆಯಲ್ಲಿ ಕೆಸುವಿನ ಗಡ್ಡೆ ಅರ್ಧ ಬೆಂದಿತ್ತಷ್ಟೆ. ಎರ್ಲಿಂದಾ ಬೆಂಕಿಯಿಂದ ಮುಖವೆತ್ತಿ ನೋಡಿದಳು. ಎರ್ಲಿಂದಾ ಎನ್ನಲು ನಾಲಿಗೆ ಹೊರಳದೆ ಸೊಸೆ ಮನೆಗೆ ಬಂದ ವಾರವೇ ಅತ್ತೆ ಅವಳನ್ನು 'ಎರಿ' ಮಾಡಿದ್ದಳು. ಈಗ ಊರಿಗೆಲ್ಲ ಅವಳು ಎರಿಯೇ. ಮುದುಕಿಗೆ ಚಳಿಯಾಗಿರಬೇಕು ಎಂದುಕೊಂಡಳು. ಜಾವೊ ಬೆಟ್ಟ ಉದುರುವ ಕಾಲದ ಎಲೆಗಳಿಂದ ಅರ್ಧದವರೆಗೂ ಕೆಂಪಾಗಿ, ಅಲ್ಲಿಂದ ಇಳಿದ ಗಾಳಿ ಹೊಳೆಯ ಮೇಲೆ ಹಾದು ಬರುತ್ತಿತ್ತು. ತನ್ನ ಶಾಲು ತೆಗೆದು ಅತ್ತೆಗೆ ಹೊದಿಸಿದಳು.

"ಸಾರು ಆಗ್ಲಿ ಅಮ್ಮಾ. ಒಂದೊಂದು ಬಟ್ಟಲು ತಿಂದು ಹೋಗೋಣ. ಇಲ್ಲೀತನಕ ಬಂದು ಹಸ್ಕೊಂಡು ಹೋಗೋದಾ?"

ಜಪಾನಿನ ಯಾಮಗಾತದಲ್ಲಿ ಈ ಕಾಲಕ್ಕೆ ಹೊಳೆದಂಡೆಯಲ್ಲಿ ಕಲ್ಲು ಹೂಡಿ, ಕೆಸುವಿನ ಗಡ್ಡೆಯನ್ನು ದನದ ಮಾಂಸದ ಜೊತೆ ಬೇಯಿಸಿ ತಿನ್ನದವರನ್ನು ಯಾರೂ ಊರವರೆಂದು ಎಣಿಸುವುದೇ ಇಲ್ಲ. ಅಂದು ಎಲ್ಲಿ ನೋಡಿದರೂ ಚಾಪೆ, ಹೊಗೆ, ಓಡಾಡುವ ಮಕ್ಕಳು. ಪ್ರತಿವರ್ಷ ಇವರ ಒಲೆಯ ದರ್ಬಾರು ಎರ್ಲಿಂದಾಳ ಗಂಡ ಮಿನೊರುವಿನದು. ಸೋಯಾ ಸಾಸು ಯಾವಾಗ, ಸಕ್ಕರೆ ಎಷ್ಟು, ಮುಚ್ಚಳ ತೆಗೆಯುವವರು ಯಾರು, ಎಲ್ಲ ಅವನ ಹುಕುಂ. ಹೆಂಡತಿಗೆ ಸೌಟು ಮುಟ್ಟಲೂ ಬಿಡುತ್ತಿರಲಿಲ್ಲ. ಈ ವರ್ಷ ಹಿಮ ಕರಗುವ ಮೊದಲೇ ಅವನು ತೀರಿಕೊಂಡ. ಸೌಟು ಅವಳ ಕೈಗೆ ಬಂತು. ಹೀಗೆ ಬರುವುದು ಅವಳಿಗೆ ಬೇಕಿರಲಿಲ್ಲ.

"ಏ ಎರಿ, ಸಕ್ಕರೆ ಸುರೀಬೇಡ! ನಿಮ್ಮೂರ ಪಾಯಸ ಅಲ್ಲ ಇದು!" ಪಕ್ಕದ ಚಾಪೆಯಿಂದ ನೆರೆಮನೆಯ ಇಗರಶಿ ಕೂಗಿದ.

"ನೀನು ಮೊದಲು ಬಾಟ್ಲಿ ಕೆಳಗಿಡಪ್ಪ, ಆಮೇಲೆ ನನ್ನ ಸಕ್ಕರೆ ನೋಡುವಂತೆ!" ಎಂದಳು ಎರ್ಲಿಂದಾ. ಆ ಚಾಪೆಯವರೆಲ್ಲ ಹೋ ಎಂದು ನಕ್ಕರು. ಇಗರಶಿಯ ಹೆಂಡತಿಯಂತೂ ಗಂಡನ ಬೆನ್ನಿಗೆ ಒಂದು ಗುದ್ದಿದಳು.

ಕಿನುಯೊ ನಗಲಿಲ್ಲ. "ನಾನು ಹೇಳಿದ್ದು ಆ ಮನೆಗಲ್ಲ," ಎಂದಳು. "ನಿನ್ನ ಮನೆಗೆ. ಫಿಲಿಪೀನ್ಸಿಗೆ."

ಸೌಟು ನಿಂತಿತು.

"ತಾತ್ಸುವೊ ನನ್ನನ್ನ ಸೆಂಡೈಗೆ ಕರ್ಕೊಂಡು ಹೋಗ್ತಾನಂತೆ. ಹಿಮ ಬೀಳೋಕೆ ಮುಂಚೆ. ಈ ಮನೆ ಕೆಡವಿಸ್ತಾನಂತೆ." ತಾತ್ಸುವೊ ಅವಳ ಕಿರಿಮಗ, ಬೆಟ್ಟದಾಚೆಯ ಸೆಂಡೈ ನಗರದಲ್ಲಿರುವವನು.

"ಸೆಂಡೈಗಾ? ಅಲ್ಲಿ ಇದಕ್ಕೆ ಹಂದಿ ಮಾಂಸ ಹಾಕ್ತಾರೆ. ಅದನ್ನ ಮೂಸಿ ಕೂಡ ನೋಡಲ್ಲ ಅಂತಿದ್ರಿ."

"ಹಾಕಿದ್ದು ತಿನ್ನೋದು. ಈ ವಯಸ್ಸಲ್ಲಿ ಇನ್ನೇನು?"

"ಯಾಕೆ ಹೋಗ್ಬೇಕು? ಇಲ್ಲೇ ಇರೋಣ. ನನಗೆ ಕೆಲಸ ಇದೆ, ನಿಮ್ಮನ್ನ ನೋಡ್ಕೊಳ್ಳೋಕೆ ಆಗಲ್ವಾ ನನಗೆ?"

"ಅವನು ಕೇಳಲ್ಲ. ಮನೆ ಅವನ ಹೆಸರಿಗೆ ಆಯ್ತಲ್ಲ. ನಿನ್ನನ್ನೂ ಕರ್ಕೋ ಅಂದೆ. ಜಾಗ ಇಲ್ವಂತೆ, ನನಗೇ ಮೊಮ್ಮಗಳ ಕೋಣೇಲಿ ಹಾಸಿಗೆ." ಮುದುಕಿ ಬೆಂಕಿಗೊಂದು ಸೌದೆ ತಳ್ಳಿದಳು. "ಇಪ್ಪತ್ತು ವರ್ಷ ನಮ್ಮನೆ ಬಾಗಿಲಲ್ಲಿ ಹಿಮ ತೋಡಿದೆ ನೀನು. ಸಾಕು. ಮಕ್ಕಳೂ ಆಗ್ಲಿಲ್ಲ. ನಿನ್ನವರ ಹತ್ರ ಹೋಗಿ ಸುಖವಾಗಿರು."

ನಿನ್ನವರು! ತವರೂರು ಇಲೊಯಿಲೊದಲ್ಲಿ ಅವಳ ತಾಯಿ ಸತ್ತು, ಆ ಮನೆಯಲ್ಲಿ ಈಗ ಮೊಬೈಲ್ ರಿಪೇರಿ ಅಂಗಡಿಯಿದೆ. ಹೋದ ಸಲ ಹೋದಾಗ ತಂಗಿ ಅವಳಿಗೆಂದು ಬೀರುವಿನಿಂದ ಅತಿಥಿಗಳ ತಟ್ಟೆ ತೆಗೆದಿದ್ದಳು. "ಜಪಾನಿನವಳು ಬಂದಿದ್ದಾಳೆ" ಎಂದು ಓಣಿಯ ಮಕ್ಕಳು ಕಿಟಕಿಯಲ್ಲಿ ಇಣುಕಿದ್ದವು. ತಂಗಿಯ ಜೊತೆ ಮಾತಾಡುವಾಗ ಮಾತೃಭಾಷೆಯಲ್ಲೇ ಪದಕ್ಕೆ ತಡಕಾಡಿದ್ದಳು. ಇದನ್ನೆಲ್ಲ ಅತ್ತೆಗೆ ಹೇಗೆ ಹೇಳುವುದು? ಇಗರಶಿಯ ಚಾಪೆಯವರಿಗೆ ಕಣ್ಣೀರು ಕಾಣದಿರಲಿ ಎಂದು ಎರ್ಲಿಂದಾ ಹೊಗೆಗೆ ಮುಖವೊಡ್ಡಿ ಕೂತಳು.

"ನಾನೆಲ್ಲಿಗೂ ಹೋಗಲ್ಲ ಅಮ್ಮಾ," ಎಂದಳು ಕೊನೆಗೆ. "ಬಾಡಿಗೆಗೊಂದು ಕೋಣೆ ಹಿಡೀತೀನಿ. ನಮ್ಮ ಯಜಮಾನರ ಸಮಾಧಿ ಇಲ್ಲಿದೆ. ಕಲ್ಲಿನ ಮೇಲೆ ಅವರ ಪಕ್ಕದಲ್ಲಿ ನನ್ನ ಹೆಸರು ಕೆತ್ತಿಸಿದ್ದು ನೀವೇ ಅಲ್ವಾ? ಬದುಕಿರೋರ ಹೆಸರು ಅಂತ ಕೆಂಪು ಬಣ್ಣ ತುಂಬಿಸಿದ್ರಿ. ನೀನು ಸತ್ತ ದಿನ ಕೆಂಪು ತೆಗೆದ್ರೆ ಆಯ್ತು, ನಿನ್ನ ಜಾಗ ಇದೇ ಅಂದ್ರಿ. ನನಗೆ ಅಷ್ಟು ಸಾಕು."

ಕಿನುಯೊ ಸೊಸೆಯ ಮಸಿ ಹತ್ತಿದ ಕೈಯನ್ನು ತನ್ನೆರಡೂ ಕೈಗಳಲ್ಲಿ ಹಿಡಿದುಕೊಂಡಳು. ಎಷ್ಟೋ ದಿನದಿಂದ ಕೊಡಬೇಕೆಂದು ಮುಚ್ಚಿಟ್ಟಿದ್ದನ್ನು ಈಗ ಕೊಡುವವಳಂತೆ ಅವಳ ಮುಖ ಅರಳಿತು.

"ಆ ಯೋಚನೆ ಬಿಡು ನೀನು. ಬದುಕಿರೋ ಹುಡುಗೀನ ಕಲ್ಲಿಗೆ ಕಟ್ಟಿಹಾಕಿಬಿಟ್ನಲ್ಲಾ ಅಂತ ನನಗೂ ನಿದ್ದೆ ಬರ್ತಿರ್ಲಿಲ್ಲ. ಮೊನ್ನೆ ಕಲ್ಲುಕುಟಿಗನ್ನ ಕರೆಸಿ ನಿನ್ನ ಹೆಸರನ್ನ ಪೂರ್ತಿ ಮುಚ್ಚಿಸಿಬಿಟ್ಟೆ. ಒಳ್ಳೆ ಕೆಲಸಗಾರ ಎರಿ, ಕೈಯಾಡಿಸಿದ್ರೂ ಅಲ್ಲೊಂದು ಹೆಸರಿತ್ತು ಅಂತ ಗೊತ್ತಾಗಲ್ಲ."