ಹೆಸರು ಬರೆದ ಕಡೆ

ಹೋದ ವರ್ಷ ತೀರಿಕೊಂಡ ಮಗಳ ದನಿ ಉಳಿದಿದ್ದದ್ದು ಆ ಒಂದೇ ಸಿಡಿಯಲ್ಲಿ. ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ಹಾಡಿದ್ದ ವಿಡಿಯೊ ಅದು. ಕಂಡವರ ಕೈಗೆ ಸಿಗಬಾರದೆಂದು ದೇವರ ಗೂಡಿನಲ್ಲಿ ಇಟ್ಟಿದ್ದರು. ಅವಳಿಲ್ಲದ ಮೊದಲ ಹುಟ್ಟುಹಬ್ಬದ ದಿನ ಹಾಕಿದರೆ ಟಿವಿಯಲ್ಲಿ ಏನೂ ಮೂಡಲಿಲ್ಲ.

ಅಪ್ಪ ಅದನ್ನು ರಿಪೇರಿ ಅಂಗಡಿಗೆ ಒಯ್ದ.

“ಹೊಳೆಯೋ ಕಡೆ ನಾವು ಬೆರಳೂ ಸೋಕಿಸಿಲ್ಲಪ್ಪ.”

“ಅದು ಬರೀ ಪ್ಲಾಸ್ಟಿಕ್ಕು ಸಾರ್. ಗೀರು ಬಿದ್ದಿದ್ರೂ ಪಾಲಿಶ್ ಮಾಡಿಕೊಡ್ತಿದ್ದೆ. ಹಾಡು, ಚಿತ್ರ ಎಲ್ಲಾ ಇರೋದು ಈ ಹೆಸರು ಬರೆದಿರೋ ಕಡೆ, ಬಣ್ಣದ ಕೆಳಗಿನ ತೆಳು ಪೊರೇಲಿ. ಯಾರೋ ಅದನ್ನ ತಿಕ್ಕಿ ತಿಕ್ಕಿ ಸವೆಸಿಬಿಟ್ಟಿದಾರೆ.”

ಅಂಗಡಿಯವನು ಸಿಡಿಯನ್ನು ಟ್ಯೂಬ್‌ಲೈಟಿಗೆ ಹಿಡಿದ. ಜರಡಿಯಿಂದ ಸೋರುವಂತೆ ಬೆಳಕು ಸೋರಿತು.

“ಏನಾದ್ರೂ ಮಾಡು ಮಾರಾಯ.”

“ಪೊರೆನೇ ಹೋದ್ಮೇಲೆ ಯಾರ ಕೈಲೂ ಆಗಲ್ಲ ಸಾರ್.”

ದಾರಿಯುದ್ದಕ್ಕೂ ಆತ ಮನೆಗೆ ಬಂದುಹೋದವರನ್ನೆಲ್ಲ ನೆನೆದು ಹಲ್ಲು ಕಡಿದ. ನಾದಿನಿಯ ಮಕ್ಕಳೇ ಇರಬೇಕು. ಇಲ್ಲವೆ ಕೆಲಸದವಳು. ಯಾರ ಕೈಯೆಂದು ಗೊತ್ತಾಗಲಿ, ಮುರಿದೇ ಹಾಕುತ್ತೇನೆ ಅಂದುಕೊಂಡ.

ಹೆಂಡತಿ ಹಿತ್ತಲಲ್ಲಿ ದೇವರ ದೀಪಗಳನ್ನು ಹರಡಿಕೊಂಡು ಕೂತಿದ್ದಳು. ಅವನನ್ನು ಕಂಡವಳೇ ಹುಣಿಸೆಹಣ್ಣು ಮೆತ್ತಿದ ಕೈ ಚಾಚಿದಳು.

“ಸರಿಹೋಯ್ತಾ? ಕೊಡಿ ಇಲ್ಲಿ. ನಾಳೆ ಶುಕ್ರವಾರ ಅಲ್ವಾ, ಯಾವಾಗಿನ ಹಾಗೆ ದೀಪದ ಜೊತೆ ಅದನ್ನೂ ತಿಕ್ಕಿ ತೊಳೆದು, ಅವಳ ಹೆಸರಿಗೆ ಕುಂಕುಮ ಇಡ್ತೀನಿ.”