ಸೀಟಿನ ಅಚ್ಚು

"ಅಲುಗಾಡಬೇಡ. ಕೈ ಎರಡೂ ಸ್ಟೀರಿಂಗ್ ಮೇಲೆ, ಕಾಲು ಪೆಡಲ್ ಮೇಲೆ. ಗಟ್ಟಿಯಾಗೋವರೆಗೂ ಮೂಗು ತುರಿಸಿದ್ರೂ ಕೆರ್ಕೊಳ್ಳೋ ಹಾಗಿಲ್ಲ," ಎಂದು ಕ್ಲೆಮ್ ಸೀಟಿನ ಅಚ್ಚಿಗೆಂದು ಬಕೆಟ್ಟಿನಲ್ಲಿ ನೊರೆಯೇಳುವ ಎರಡು ದ್ರಾವಣಗಳನ್ನು ಕಲಕಿ, ಸೊಸೆ ಹೆಸ್ಟರಳ ಬೆನ್ನ ಹಿಂದಿದ್ದ ಕಸದ ಚೀಲದೊಳಕ್ಕೆ ಸುರಿದು ಬಾಯಿ ಕಟ್ಟಿದ. ಚೀಲ ಉಸಿರೆಳೆದುಕೊಂಡಂತೆ ಉಬ್ಬಿತು. ನೊರೆ ಅವಳ ಬೆನ್ನು, ಸೊಂಟ, ತೊಡೆಗಳ ಸಂದುಗಳನ್ನೆಲ್ಲ ಹುಡುಕಿಕೊಂಡು ಹೋಗಿ ತುಂಬಿತು. ಆಮೇಲೆ ಬಿಸಿಯಾಗತೊಡಗಿತು.

"ಸುಡ್ತಿದೆ, ಕ್ಲೆಮ್."

"ಸುಡುತ್ತೆ. ಅವನೂ ಹಿಂಗೇ ಬಡ್ಕೊಂಡ. ಅಪ್ಪಾ, ನನ್ನ ತಿಕ ಬೇಯ್ತಿದೆ ಅಂತ."

ಇಬ್ಬರೂ ನಗಲಿಲ್ಲ. ಅವನೆಂದರೆ ರೋವನ್, ಕ್ಲೆಮ್‌ನ ಮಗ, ಹೆಸ್ಟರಳ ಗಂಡ. ಹೆಕ್ಸಮ್ ಊರಿನ ಇದೇ ಶೆಡ್ಡಿನಲ್ಲಿ ಕಬ್ಬಿಣದ ಕೊಳವೆ ಬೆಸೆದು ಚೌಕಟ್ಟು ನಿಲ್ಲಿಸಿ, ತಗಡನ್ನು ಮರಳುಚೀಲದ ಮೇಲಿಟ್ಟು ಬಡಿದು ಬಾಗಿಸಿ, ಅಜ್ಜಂದಿರ ಕಾಲದ ಮಾದರಿಯ ಉದ್ದ ಮೂಗಿನ ತೆರೆದ ಕಾರೊಂದನ್ನು ಕೈಯಾರೆ ಕಟ್ಟುತ್ತಿದ್ದ. ಕೊಳವೆ ಕೊಯ್ಯುವಾಗ ಎಡಗೈಯ ಉಂಗುರ ಬೆರಳಿನ ತುದಿ ಹಾರಿಹೋಗಿತ್ತು. "ಬಲಿ ಕೊಟ್ಟಾಯ್ತು, ಇನ್ನು ಓಡದೆ ಎಲ್ಲಿಗೆ ಹೋಗುತ್ತೆ" ಎಂದಿದ್ದ. ಸೀಟಿಗೂ ತನ್ನ ಮೈಯಿಂದಲೇ ಅಚ್ಚು ತೆಗೆದಿದ್ದ. ಮರದ ಎಲೆ ಚಿಗುರುವ ಮೊದಲೇ ಒಂದು ಬೆಳಗ್ಗೆ ಅವನು ನಿದ್ದೆಯಿಂದ ಏಳಲಿಲ್ಲ. ಉಳಿದ ಕೆಲಸವನ್ನು ಮಾವ ಸೊಸೆ ಸೇರಿ ಮುಗಿಸಿದರು. ಕಾರು ಸರ್ಕಾರದ ತಪಾಸಣೆಯಲ್ಲಿ ಪಾಸಾಗಿ ನಂಬರು ಬಂದ ದಿನ ಅದರಲ್ಲೇ ತಂಗಿಯ ಊರಿಗೆ ಹೊರಟುಬಿಡುತ್ತೇನೆ, ಮತ್ತೆ ಈ ಮನೆಗೆ ಬರುವುದಿಲ್ಲ ಎಂದು ಹೆಸ್ಟರ್ ಮೊದಲೇ ಹೇಳಿದ್ದಳು. ಕ್ಲೆಮ್ ಹೂಂ ಎಂದಿರಲಿಲ್ಲ, ಊಹೂಂ ಎಂದೂ ಇರಲಿಲ್ಲ.

ಆದರೆ ರೋವನ್ನನ ಅಚ್ಚಿನಲ್ಲಿ ಕೂತರೆ ಅವಳ ಕಾಲು ಬ್ರೇಕಿಗೆ ಎಟುಕುತ್ತಿರಲಿಲ್ಲ. ಕೊಯ್ದು ತೆಗೆಯೋಣ ಎಂದಾಗ ಮಾತ್ರ ಮುದುಕ ಅಡ್ಡ ನಿಂತ. "ಅವನ ಮೈ ಅಂತ ಉಳಿದಿರೋದು ಇದೊಂದೇ, ಹುಡುಗೀ. ಅದಕ್ಕೆ ಚಾಕು ಇಡಬೇಡ." ಹಾಗಾಗಿ ಅವನ ಅಚ್ಚಿನ ಗುಳಿಯೊಳಗೇ ಅವಳ ಅಚ್ಚು.

ನೊರೆ ಆರಿ ಗಟ್ಟಿಯಾದ ಮೇಲೆ ಅವಳು ಎದ್ದಳು. ಇಬ್ಬರೂ ಸೇರಿ ಅದನ್ನು ಮೇಲೆತ್ತಿ, ಚೀಲ ಸುಲಿದು, ಬೆಂಚಿನ ಮೇಲೆ ಬೋರಲು ಹಾಕಿದರು. ಹಿಂಬದಿಯಲ್ಲಿ ರೋವನ್ನನ ಬೆನ್ನು ಮೂಡಿತ್ತು. ಒಂದು ಕಡೆ ತುಸು ಇಳಿದ ಹೆಗಲು, ನಡುವೆ ಬೆನ್ನೆಲುಬಿನ ಕಾಲುವೆ. ಕ್ಲೆಮ್ ಆ ಹೆಗಲ ಮೇಲೆ ಕೈಯಿಟ್ಟ. "ಇನ್ನೂ ಬೆಚ್ಚಗಿದ್ದಾನೆ," ಎಂದ. ಆಮೇಲೆ ಅಂಗಾತ ತಿರುಗಿಸಿದ. ಹೆಸ್ಟರಳ ಬೆನ್ನಿನ ಗುಳಿ, ಕೆಳಗೆ ಸೊಂಟ. ಸೊಂಟದ ಎರಡೂ ಬದಿಗೆ ಉದ್ದುದ್ದ ಕುಳಿಗಳು.

"ಕೈ ಕೆಳಗಿಳಿಸಿದ್ಯಾ? ಬೇಡ ಅಂದಿದ್ನಲ್ಲ."

"ಇಲ್ಲ. ನೀವು ಎದುರಿಗೇ ನಿಂತಿದ್ರಲ್ಲ."

"ಹಾಗಾದ್ರೆ ಚೀಲದ ಸುಕ್ಕು ಬಿಡು," ಎಂದು ಕ್ಲೆಮ್ ಚಹಾಕ್ಕೆ ನೀರಿಡಲು ಹೋದ.

ಹೆಸ್ಟರ್ ಕುಳಿಗಳೊಳಗೆ ತನ್ನ ಬೆರಳಿಟ್ಟು ನೋಡಿದಳು. ಅವಳ ಬೆರಳಿಗಿಂತ ದಪ್ಪ. ಬಲಗಡೆ ನಾಲ್ಕು. ಎಡಗಡೆಯೂ ನಾಲ್ಕು, ಮೂರನೆಯದು ಮಾತ್ರ ಗಿಡ್ಡ. ಕ್ಲೆಮ್ ಚಹಾ ತಂದಾಗ ಅವಳು ಅದರ ಮೇಲೆ ಚರ್ಮ ಎಳೆದು ಹೊಲಿಯುತ್ತಿದ್ದಳು.

ತಪಾಸಣೆಯ ದಿನ ಅಧಿಕಾರಿ ಚೂಪಾದ ಅಂಚು ಉಳಿದಿದೆಯೇ ಎಂದು ಕಾರಿನ ಮೈಗೆಲ್ಲ ಅಳತೆಯ ಚೆಂಡೊಂದನ್ನು ತಾಗಿಸಿ ನೋಡಿದ. ದೀಪ, ಕನ್ನಡಿ, ಬ್ರೇಕು ಎಲ್ಲ ನೋಡಿದ. ಕೊನೆಗೆ ತಾನೇ ಕೂತು ಅಂಗಳದಲ್ಲಿ ಓಡಿಸಿದ. ಇಳಿಯುವಾಗ ಎರಡು ಸಲ ತಿಣುಕಿ ಏಳಬೇಕಾಯಿತು. "ಪಾಸು. ಒಳ್ಳೇ ಕೆಲಸ ಮಾಡಿದೀರಿ," ಎಂದು ಸೊಂಟ ಉಜ್ಜಿಕೊಂಡ. "ಈ ಸೀಟು ಮಾತ್ರ, ಕೂತವರನ್ನ ಏಳೋಕೇ ಬಿಡಲ್ವಲ್ರೀ!"

ನಂಬರು ಬಂತು. ಹೆಸ್ಟರ್ ಒಂದೇ ಪೆಟ್ಟಿಗೆಯನ್ನು ಪಕ್ಕದ ಸೀಟಿನಲ್ಲಿಟ್ಟು, ಸ್ಟೀರಿಂಗ್ ಹಿಂದೆ ಕೂತು ಇಂಜಿನ್ ಚಾಲೂ ಮಾಡಿದಳು. ರೋವನ್ ಹೇಳುತ್ತಿದ್ದ ಹಾಗೇ ಅದು ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಗುನುಗತೊಡಗಿತು. ಕ್ಲೆಮ್ ಗೇಟು ತೆರೆದು ಬಂದು ಅವಳ ಪಕ್ಕ ನಿಂತ. ಹೋಗಬೇಡ ಎಂದು ಬಾಯಿಗೆ ಬಂದದ್ದನ್ನು ನುಂಗಿಕೊಂಡದ್ದು ಅವಳಿಗೆ ಕಾಣಿಸಿತು.

"ಬೆಲ್ಟ್ ಹಾಕ್ಕೋ, ಹುಡುಗೀ," ಎಂದ.

"ಹಾಕ್ಕೊಂಡಾಯ್ತು. ಬಿಗಿಯಾಗೇ ಇದೆ."

ಕ್ಲೆಮ್ ಬಾಗಿಲಿನತ್ತ ನೋಡುತ್ತಿದ್ದ. ಅವಳೂ ಬಗ್ಗಿ ನೋಡಿದಳು. ಬೆಲ್ಟಿನ ಕೊಂಡಿ ಬಾಗಿಲಾಚೆ ಜೋತುಬಿದ್ದು, ಇಂಜಿನ್ನಿನ ನಡುಕಕ್ಕೆ ತಗಡಿಗೆ ಮೆಲ್ಲಗೆ ಬಡಿಯುತ್ತಿತ್ತು.